ಪಂಪಿಗೆ ಸುತ್ತಿದ ಒದ್ದೆ ಬಟ್ಟೆ

ಡ್ರೈವರ್ ಮಾಮಾ ಅವತ್ತು ಬೇಕೆಂದೇ ಸೋತ. ಬಸ್ಸು ಕೆಟ್ಟಿತ್ತು ಅಂತ ನಮ್ಮೂರು ಮಸ್ಕಿಯ ಜನ ಹೇಳಿದ್ದು ಅರ್ಧ ಮಾತು. ಉಳಿದರ್ಧ ನಾನು ಕಣ್ಣಾರೆ ಕಂಡದ್ದು. ಮೊನ್ನೆ ಹಿರಿಮಗ ಅಂಗಳದಲ್ಲಿ ಮೋಟರ್ ಸೈಕಲ್ಲಿನ ಪೈಪು ಬಿಚ್ಚಿದಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಎಲ್ಲ ನೆನಪಾಯಿತು...

ನಿಜಾಮನ ಆಳಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಮಾಮಾ ನಮ್ಮ ಓಣಿಯ ಸಾಬರವನು. ಸಿಂಧನೂರಿನಿಂದ ನಮ್ಮೂರ ಮೇಲೆ ಲಿಂಗಸುಗೂರಿಗೆ ಎರಡೇ ಬಸ್ಸು, ಒಂದನ್ನು ಅವನು ಓಡಿಸುತ್ತಿದ್ದ. ಎರಡೂ ದಿನಾ ರೇಸಿಗೆ ಬಿದ್ದು ಓಡುತ್ತಿದ್ದವು. ಲಿಂಗಸುಗೂರು ಮೊದಲು ಮುಟ್ಟಿದವನಿಗೆ ಸ್ಟ್ಯಾಂಡಿನ ಬೇವಿನ ನೆರಳು. ಹಿಂದುಳಿದವನ ಬಸ್ಸು ಮರುದಿನದವರೆಗೂ ಬಯಲಲ್ಲಿ ನಿಲ್ಲಬೇಕು. ಮಾಮಾ ನೆರಳು ಬಿಟ್ಟುಕೊಟ್ಟದ್ದೇ ಇರಲಿಲ್ಲ.

ಬೇಸಿಗೆಯಲ್ಲಿ ಆ ಬಸ್ಸುಗಳಿಗೆ ಒಂದು ರೋಗವಿತ್ತು. ಇಂಜಿನ್ನಿನ ಕಾವಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಮುಂದೆ ಹರಿಯದೆ ಬಸ್ಸು ನಿಂತುಬಿಡುತ್ತಿತ್ತು. ಅದಕ್ಕೆ ಮಾಮಾ ಪೆಟ್ರೋಲು ದೂಡುವ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಹಳೆ ಸೀರೆಯ ತುಂಡು ನನ್ನ ಹತ್ತಿರವೇ ಕೇಳುತ್ತಿದ್ದ.

"ನೂಲಿಂದೇ ಕೊಡು ಬೇಟಿ, ನೀರು ಹಿಡೀತೈತಿ."

ಆಗ ಹಿರಿಮಗ ಕೈಗೂಸು. ಒಂದು ದಿನ ಅದರ ಮೈ ಕೆಂಡವಾಯಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಗಂಡ ಊರಲ್ಲಿರಲಿಲ್ಲ. ಮಾಮಾನಿಗೆಂದು ತೆಗೆದಿಟ್ಟ ಸೀರೆ ತುಂಡು, ಒಂದು ತಂಬಿಗೆ ನೀರು ಹಿಡಿದು ಲಿಂಗಸುಗೂರಿನ ದವಾಖಾನೆಗೆಂದು ಬಸ್ಸು ಹತ್ತಿದೆ.

ಅರ್ಧ ದಾರಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಪಂಪಿನ ಬಟ್ಟೆ ಒಣಗಿ ಹಪ್ಪಳವಾಗಿತ್ತು. ಬಸ್ಸಿನಲ್ಲಿಟ್ಟ ಡಬ್ಬಿಯ ನೀರೆಲ್ಲ ರೇಡಿಯೇಟರ್ ಕುಡಿದಿತ್ತು. ಹಿಂದೆ ದೂರದಲ್ಲಿ ಇನ್ನೊಂದು ಬಸ್ಸಿನ ಧೂಳು ಕಂಡಿತು.

"ತೊಗೋ ಮಾಮಾ, ಪಂಪಿಗೆ ಹಾಕು," ಅಂತ ತಂಬಿಗೆ ಚಾಚಿದೆ. ಅವನು ಧೂಳು ನೋಡಿದ, ಕೂಸನ್ನು ನೋಡಿದ. ಸೀರೆ ತುಂಡು ಒದ್ದೆ ಮಾಡಿ ಕೂಸಿನ ಹಣೆಗೆ ಹಾಕಿದ. ಆಮೇಲೆ ನಡುರಸ್ತೆಗೆ ಹೋಗಿ ಕೈ ಅಗಲಿಸಿ ನಿಂತ.

ಬಂದ ಬಸ್ಸಿನ ಡ್ರೈವರ್ ಕಿಟಕಿಯಲ್ಲಿ ತಲೆ ಹಾಕಿ ನಕ್ಕ. "ಯಾಕ ಮಾಮಾ, ಕುದುರಿಗೆ ಹುಲ್ಲು ಹಾಕಿದ್ದಿಲ್ಲೇನು?"

"ನೆರಳು ಇವತ್ತು ನಿಂದೇ ತೊಗೋ. ಈ ಬೇಟಿನ್ನ ದವಾಖಾನಿ ಮುಂದ ಇಳಸು. ಹಾದ್ಯಾಗ ಎಲ್ಲೂ ನಿಂದರಬ್ಯಾಡ," ಅಂದ ಮಾಮಾ. ಆ ಡ್ರೈವರ್ ಮತ್ತೆ ನಗಲಿಲ್ಲ; ನನ್ನನ್ನೂ ಕೂಸನ್ನೂ ಹತ್ತಿಸಿಕೊಂಡು ಹೊರಟ.

ಮಾಮಾ ತೀರಿಕೊಂಡು ಬಹಳ ವರ್ಷವಾಯಿತು. ಅವನ ಮನೆ ಇದ್ದಲ್ಲಿ ಈಗ ಟೈರಿನ ಅಂಗಡಿ. ಪೈಪು ಬಿಚ್ಚಿ ಕೂತ ಮಗನಿಗೆ ಇದನ್ನು ಹೇಳಿದರೆ "ಹೂಂ" ಅಂದ. ಅವನಿಗೇನು ನೆನಪಿರುತ್ತದೆ... ನನಗಿದೆ.

ಅವತ್ತು ರಾತ್ರಿ ದವಾಖಾನೆಯಲ್ಲೇ ಕಳೆದು, ಮರುದಿನ ಬೆಳಿಗ್ಗೆ ಜ್ವರ ಇಳಿದು ಕೂಸು ಹಾಲು ಕುಡಿಯಿತು. ಅದನ್ನು ಕಂಕುಳಲ್ಲಿ ಎತ್ತಿಕೊಂಡು ಸ್ಟ್ಯಾಂಡಿಗೆ ಹೋದೆ. ಸಂಜೆ ತಂಪಾದ ಮೇಲೆ ಬಂದು ಮುಟ್ಟಿದ್ದ ಮಾಮಾನ ಬಸ್ಸು ಬಿಸಿಲಲ್ಲಿ ನಿಂತಿತ್ತು. "ಬಾನೆಟ್ ಎತ್ತು ಮಾಮಾ," ಅಂದೆ. ಎತ್ತಿದ. ಕೂಸನ್ನು ಅವನ ಕೈಗೆ ಕೊಟ್ಟು, ಅದರ ಹಣೆಗೆ ಹಾಕಿದ್ದ ಅದೇ ಬಟ್ಟೆಯನ್ನು ನೀರಲ್ಲಿ ಅದ್ದಿ ಪಂಪಿಗೆ ನಾನೇ ಸುತ್ತಿದೆ.