ಕದಿಯಲು ಬಾರದವಳ ಫುಟ್‌ಬಾಲ್ ಲಿಲ್ಲಿ

ನನ್ನ ಜನ್ಮದಲ್ಲಿ ನಾನು ಮಾಡಿದ ಕಳ್ಳತನ ಒಂದೇ. ಅದೂ ಮೂರನೆಯ ಪ್ರಯತ್ನಕ್ಕೆ ಕೈಗೂಡಿದ್ದು. ಕಳ್ಳರ ಜಾತಿಯಲ್ಲಿ ನನ್ನಷ್ಟು ದಡ್ಡಿ ಇನ್ನೊಬ್ಬಳಿರಲಾರಳು.

ಆಗ ನಾವು ದೋಹಾದ ಅಲ್ ಅಜೀಜಿಯಾದಲ್ಲಿ, ಗೋಡೆ ಎಬ್ಬಿಸಿ ನಾಲ್ಕು ಮನೆ ಮಾಡಿದ ಹಳೇ ವಿಲ್ಲಾದ ಮಹಡಿಯಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಮಂಗಳೂರು ಕಡೆಯ ಬ್ಯಾರಿ ದಂಪತಿ. ಕತಾರಿಗೆ ಬಂದು ಮೂವತ್ತು ವರ್ಷ ದಾಟಿತ್ತು. ನಾವು ಅವರನ್ನು ಆಂಟಿ, ಅಂಕಲ್ ಎನ್ನುತ್ತಿದ್ದೆವು. ಆಂಟಿಯ ಮನೆಯ ಹಿಂದೆ, ಬಟ್ಟೆ ಒಗೆಯುವ ಜಾಗದಲ್ಲಿ ಸದಾ ನೆರಳು. ಎಲ್ಲರ ಮನೆಯ ಎಸಿ ನೀರು ಅಲ್ಲೇ ತೊಟ್ಟಿಕ್ಕುತ್ತಿತ್ತು. ಅಲ್ಲಿ ನಾಲ್ಕು ಕುಂಡಗಳಿದ್ದವು. ಮೇ ತಿಂಗಳಲ್ಲಿ, ಊರೆಲ್ಲ ಕಾದ ಕಾವಲಿಯಾಗಿರುವಾಗ, ಆ ಕುಂಡಗಳಿಂದ ಬೋಳು ದಂಟು ಎದ್ದು ತುದಿಯಲ್ಲಿ ಚೆಂಡಿನಂಥ ಕೆಂಪು ಹೂ ಅರಳುತ್ತಿತ್ತು. ವರ್ಷಕ್ಕೆ ಒಂದೇ ಸಲ. ಅದನ್ನು ಅವರು ಮೇ ಫ್ಲವರ್ ಎನ್ನುತ್ತಿದ್ದರು. ಮೈಸೂರಿನ ನಮಗೆ ಅದು ಫುಟ್‌ಬಾಲ್ ಲಿಲ್ಲಿ.

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬರುತ್ತಿದ್ದ ವರ್ಷಗಳವು. ನಿನ್ನೆ ಇದ್ದ ರಸ್ತೆ ಇವತ್ತು ಇರುತ್ತಿರಲಿಲ್ಲ. ಗಿಡದ ಹುಚ್ಚಿನ ನಾವು ಹದಿನೈದು ಕನ್ನಡದ ಹೆಂಗಸರು ಫೋನಿನಲ್ಲೊಂದು ಗುಂಪು ಮಾಡಿಕೊಂಡು ಕರಿಬೇವು, ದೊಡ್ಡಪತ್ರೆ, ಕನಕಾಂಬರ ಹಂಚಿಕೊಳ್ಳುತ್ತಿದ್ದೆವು. ಹೆಸರಲ್ಲೇ ಫುಟ್‌ಬಾಲ್ ಇದ್ದ ಗಿಡ ಈಗ ಎಲ್ಲರಿಗೂ ಬೇಕಾಯಿತು. ಯಾವ ನರ್ಸರಿಯಲ್ಲೂ ಅದು ಇಲ್ಲ. ಇದ್ದದ್ದು ಆಂಟಿಯ ಹತ್ತಿರ ಮಾತ್ರ.

ಆಂಟಿ ಕೈ ಬಿಗಿ ಮಾಡಿದವರಲ್ಲ. ಈರುಳ್ಳಿಯಂಥ ಒಂದು ಗೆಡ್ಡೆಯನ್ನು ನನಗೂ ಕೊಟ್ಟರು. ನಾನು ಬಾಯ್ತುಂಬ ಥ್ಯಾಂಕ್ಸ್ ಹೇಳಿ ತಂದು ನೆಟ್ಟೆ. ಎಲೆ ಚೆನ್ನಾಗಿ ಬಂತು. ಚಳಿ ಶುರುವಾಗುತ್ತಲೇ ಹಳದಿಯಾಗಿ ಒಣಗಿತು. ಅಯ್ಯೋ, ಸಾಯ್ತಾ ಇದೆ ಅಂತ ದಿನಾ ಎರಡೆರಡು ಚೊಂಬು ನೀರು ಹೊಯ್ದೆ. ಗೆಡ್ಡೆ ಕೊಳೆತು ನಾರಿತು. ಮರುವರ್ಷ ಇನ್ನೊಂದು ಕೊಟ್ಟರು. ಅದನ್ನೂ ಹಾಗೇ ಕೊಂದೆ.

"ಅದು ಸತ್ತದ್ದಲ್ಲ ಮಾರಾಯ್ರೆ, ಮಲಗಿದ್ದು," ಎಂದರು ಆಂಟಿ. "ಮಲಗಿದವರ ಮುಖಕ್ಕೆ ದಿನಾ ನೀರು ಹೊಯ್ದರೆ ಯಾರು ಬದುಕ್ತಾರೆ?"

"ಇನ್ನೊಂದೇ ಒಂದು ಕೊಡಿ ಆಂಟಿ. ಈ ಸಲ ನೀರು ಮುಟ್ಟಿಸಲ್ಲ."

"ಇಲ್ಲ. ಕೊಟ್ಟದ್ದು ಯಾರಿಗೂ ಹಿಡೀಲಿಲ್ಲ. ಗುಂಪಿನವರಿಗೆಲ್ಲ ಕೊಟ್ಟೆ, ಒಂದಾದ್ರೂ ಉಳಿದದ್ದುಂಟಾ? ನಾನು ಇದನ್ನು ನನ್ನ ನಾದಿನಿ ಅಂಗಳದಿಂದ ಕದ್ದದ್ದು. ಅದಕ್ಕೇ ಮೂವತ್ತು ವರ್ಷ ಈ ಸೆಕೆಯಲ್ಲಿ ನಿಂತದ್ದು. ನೀವೂ ಕದೀಬೇಕು."

ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ನಮ್ಮ ಕಡೆಯೂ ಇದೆ. ನಾನು ನಕ್ಕೆ. ಆಂಟಿ ನಗಲಿಲ್ಲ. ವಿಶ್ವಕಪ್ ಮುಗಿದ ಮೇಲೆ ಅಂಕಲ್‌ನ ಕೆಲಸವೂ ಮುಗಿಯುತ್ತದೆ, ಜನವರಿಯಲ್ಲಿ ಊರಿಗೆ ಹೋಗುವುದು, ಇನ್ನು ಬರುವುದಿಲ್ಲ ಎಂದರು. ಕುಂಡ ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ.

"ಊರಲ್ಲಿ ಬೇಕಾದಷ್ಟು ಉಂಟು, ಅದಲ್ಲ," ಎಂದರು. "ಇಲ್ಲಿಯದ್ದು ಇಲ್ಲಿ ಯಾರ ಕೈಯಲ್ಲಾದ್ರೂ ಉಳೀಬೇಕಲ್ವಾ? ನಾವು ಇಲ್ಲಿ ಇದ್ದದ್ದಕ್ಕೆ ಬೇರೆ ಎಂತ ಉಂಟು?"

ಆ ಮಾತು ನನಗೆ ನಾಟಿತು. ಆದರೆ ಕದಿಯುವುದು ಹೇಗೆ? ನಮ್ಮಪ್ಪ ಹೆಡ್‌ಮಾಸ್ಟರು. ಕಂಪಾಸ್ ಬಾಕ್ಸಿನಲ್ಲಿ ಇನ್ನೊಬ್ಬರ ಬಳಪದ ಚೂರು ಸಿಕ್ಕಿದರೂ ಅವರ ಮನೆಗೆ ನಡೆಸಿಕೊಂಡು ಹೋಗಿ ವಾಪಸ್ ಕೊಡಿಸುತ್ತಿದ್ದರು. ಸಾಲದ್ದಕ್ಕೆ ದೋಹಾದಲ್ಲಿ ನನ್ನ ಕೆಲಸ ಡಾಕ್ಯುಮೆಂಟ್ ಕಂಟ್ರೋಲರ್, ಅಂದರೆ ಕಂಪನಿಯ ಕಾಗದಪತ್ರಗಳ ಕಾವಲು. ಸಹಿಯಿಲ್ಲದೆ ಒಂದು ಡ್ರಾಯಿಂಗನ್ನೂ ಆಫೀಸಿನಿಂದ ಹೊರಗೆ ಬಿಟ್ಟವಳಲ್ಲ.

ವಿಶ್ವಕಪ್ ಶುರುವಾದ ವಾರ ಆಂಟಿ ನನ್ನನ್ನು ಚಹಾಕ್ಕೆ ಕರೆದರು. "ನಾಳೆ ನಾಲ್ಕು ಗಂಟೆಗೆ ಬನ್ನಿ. ಹಿಂದೆ ಕುಂಡದ ಹತ್ರ ಕುರ್ಚಿ ಹಾಕ್ತೇನೆ. ನಾನು ಒಳಗೆ ಹೋದ್ರೆ ಹತ್ತು ನಿಮಿಷ ಬರ್ಲಿಕ್ಕಿಲ್ಲ," ಎಂದು ಸ್ಪಷ್ಟವಾಗಿ ಹೇಳಿದರು. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ! ಬ್ಯಾಗಿನಲ್ಲಿ ಸಾರಿನ ಸೌಟು ಇಟ್ಟುಕೊಂಡು ಹೋದೆ. ಆಂಟಿ ಒಳಗೆ ಹೋದರು. ನಾನು ಕುರ್ಚಿಯಲ್ಲಿ ಕಲ್ಲಾಗಿ ಕೂತೆ. ಸೌಟು ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. "ಚಹಾ ಕುದೀತಾ ಉಂಟು, ಇನ್ನೂ ಐದು ನಿಮಿಷ!" ಎಂದು ಒಳಗಿಂದ ಕೂಗಿದರು. ಅಷ್ಟರಲ್ಲಿ ಅಂಕಲ್ ಮ್ಯಾಚಿನ ಸುದ್ದಿ ಹೇಳಲು ಹೊರಗೆ ಬಂದರೆ, "ನೀವು ಎಂತಕ್ಕೆ ಅಲ್ಲಿ? ಒಳಗೆ ಬನ್ನಿ!" ಎಂದು ಆಂಟಿ ಗದರಿಸಿದರು. ಪಾಪ, ಅವರು ಒಂದು ಚಪ್ಪಲಿ ಬಿಟ್ಟು ಓಡಿದರು. ಕೊನೆಗೆ ಆಂಟಿ ಚಹಾ ತಂದು, ಮೊದಲು ಕುಂಡ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಎಂತ ಸಾವು ಮಾರಾಯ್ರೆ ನಿಮ್ಮದು!"

ಮುಂದಿನ ವಾರ ಮತ್ತೆ ಕರೆದರು. ಈ ಸಲ ಕಣ್ಣು ಮುಚ್ಚಿ ಸೌಟು ಹಾಕಿ ಒಂದು ಗೆಡ್ಡೆ ಎಬ್ಬಿಸಿ, ಚಹಾಕ್ಕೂ ಕಾಯದೆ ಮಹಡಿ ಹತ್ತಿದೆ. ಗೆದ್ದೆ ಅಂದುಕೊಂಡಿರಾ? ಹತ್ತು ನಿಮಿಷ ತಡೆದೆ, ಅಷ್ಟೇ. ಆಮೇಲೆ ನಾನೇ ಫೋನ್ ಮಾಡಿದೆ.

"ಆಂಟೀ, ತಗೊಂಡಿದೀನಿ. ಎರಡನೇ ಕುಂಡದಿಂದ, ಒಂದೇ ಒಂದು."

"ಹೇಳಿ ತಕ್ಕೊಂಡ್ರೆ ಅದು ಕಳ್ಳತನ ಹೇಗಾಗ್ತದೆ? ಖಲಾಸ್, ಎಲ್ಲ ಹಾಳು ಮಾಡಿದ್ರಿ. ತಂದು ಇಡಿ," ಎಂದರು. ತಲೆ ತಗ್ಗಿಸಿಕೊಂಡು ಹೋಗಿ ಅದೇ ಕುಂಡದಲ್ಲಿ ಹೂತು ಬಂದೆ.

ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಮುಗಿಸಿ ಬಂದ ನನ್ನ ಗಂಡನಿಗೆ ಇದನ್ನು ಹೇಳಿದರೆ ಸೋಫಾದಿಂದ ಉರುಳುವಷ್ಟು ನಕ್ಕ. "ಪರ್ಮಿಟ್ ತಗೊಂಡು ಕದಿಯೋಳು ಪ್ರಪಂಚದಲ್ಲಿ ನೀನೊಬ್ಬಳೇ ಕಣೇ!" ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಜನವರಿ ಬಂತು. ಆಂಟಿಯ ಮನೆ ಮುಂದೆ ಸಾಮಾನು ಸಾಗಿಸುವ ಪಿಕಪ್ ನಿಂತಿತು. ಬೆಳಿಗ್ಗೆಯಿಂದ ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಬೀಳ್ಕೊಡಲು ಬಂದು ಹೋಗಿದ್ದರು, ಎಲ್ಲರ ಹೆಗಲಲ್ಲೂ ದೊಡ್ಡ ದೊಡ್ಡ ಬ್ಯಾಗು. ನಾನು ಆಫೀಸು ಮುಗಿಸಿ ಹಿಂಭಾಗಕ್ಕೆ ಓಡಿದಾಗ ಕುಂಡಗಳು ಹೆಗ್ಗಣ ಬಿದ್ದ ಹೊಲದ ಹಾಗಿದ್ದವು. ಒಂದು ಖಾಲಿ. ಎರಡು, ಮೂರು ಖಾಲಿ. ಮೈಯೆಲ್ಲ ಉರಿಯಿತು. ಎರಡು ವರ್ಷ ಎದುರಿಗಿದ್ದೂ ಕಳೆದುಕೊಂಡೆನಲ್ಲ ಎಂದು ಅಳುವೇ ಬಂತು. ನಾಲ್ಕನೆಯ ಕುಂಡಕ್ಕೆ ಬೆರಳು ಹಾಕಿದೆ. ಅಂಚಿನಲ್ಲಿ ಏನೋ ತಗುಲಿತು. ಬೆಳ್ಳುಳ್ಳಿಗಿಂತ ಸ್ವಲ್ಪ ದಪ್ಪದ ಗೆಡ್ಡೆ.

ತಲೆಯೆತ್ತಿದೆ. ಹಿಂಬಾಗಿಲಲ್ಲಿ ಆಂಟಿ ನನಗೆ ಬೆನ್ನು ಹಾಕಿ ನಿಂತು, ಆಗಲೇ ಬಿಗಿದಿದ್ದ ಫ್ರಿಜ್ಜನ್ನು ಹೇಗೆ ಬಿಗಿಯಬೇಕೆಂದು ಮಲಯಾಳಿ ಡ್ರೈವರಿಗೆ ಪಾಠ ಹೇಳುತ್ತಿದ್ದರು. ಅವನು ಎಲ್ಲದಕ್ಕೂ ಶೆರಿ ಶೆರಿ ಎನ್ನುತ್ತಿದ್ದ. ಗೆಡ್ಡೆ ನನ್ನ ಬ್ಯಾಗು ಸೇರಿದ ಮೇಲೂ ಪಾಠ ಒಂದೆರಡು ನಿಮಿಷ ನಡೆಯಿತು. ಆಮೇಲೆ ತಿರುಗಿ ಬಂದು ನನ್ನನ್ನು ಅಪ್ಪಿಕೊಂಡು, "ಬರ್ತೇವೆ ಹಾಂ," ಎಂದರು. ಲಿಫ್ಟಿನ ಬಾಗಿಲು ಹಿಡಿದವರಿಗೂ ಥ್ಯಾಂಕ್ಸ್ ಹೇಳುವ ನಾನು ಅವತ್ತು, ಹೇಳಿದರೆ ಮತ್ತೆ ಕಳ್ಳತನ ಕೆಟ್ಟೀತೆಂದು, ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಗಂಡನಿಗೂ ಹೇಳಲಿಲ್ಲ. ಒಣ ಮಣ್ಣಿನಲ್ಲಿ ಗೆಡ್ಡೆ ಮುಚ್ಚಿಟ್ಟು ನಾಲ್ಕು ತಿಂಗಳು ನೀರು ಕೊಡಲಿಲ್ಲ. ಚೊಂಬು ಹಿಡಿದು ಬಾಲ್ಕನಿ ತನಕ ಹೋಗಿ ಎಷ್ಟು ಸಲ ವಾಪಸ್ ಬಂದೆನೋ ದೇವರಿಗೇ ಗೊತ್ತು. ಗುಂಪಿನಲ್ಲಿ ದಿನಾ ಕರಿಬೇವಿನ ಫೋಟೋ ಬರುತ್ತಿತ್ತು. ಫುಟ್‌ಬಾಲ್ ಲಿಲ್ಲಿಯ ಬಗ್ಗೆ ಒಬ್ಬಳೂ ಬಾಯಿ ಬಿಡುತ್ತಿರಲಿಲ್ಲ. ಮೇ ಎರಡನೆಯ ವಾರ ಮಣ್ಣು ಸೀಳಿ ದಂಟು ಎದ್ದಿತು. ಕೆಲವೇ ದಿನಗಳಲ್ಲಿ ಹೂ ಅರಳಿತು. ಗೆಡ್ಡೆ ಚಿಕ್ಕದು, ಹೂವೂ ಕಿತ್ತಳೆಹಣ್ಣಿನಷ್ಟೇ. ಆದರೆ ಕೆಂಪು ಅಂದರೆ ಕೆಂಪು.

ಆ ಶುಕ್ರವಾರ ಆಂಟಿಯ ವಿಡಿಯೋ ಕಾಲ್ ಬಂತು. ಮಂಡಿನೋವು, ಮೀನಿನ ರೇಟು, ಸೊಸೆಯ ಅಡುಗೆ, ಎಲ್ಲ ಆಯಿತು. ಆಮೇಲೆ ಸುಮ್ಮನೆ ಕೇಳುವವರ ಹಾಗೆ, "ಅಲ್ಲಿ ಯಾರದ್ದಾದ್ರೂ ಮನೆಯಲ್ಲಿ ಮೇ ಫ್ಲವರ್ ಬಿಟ್ಟದ್ದು ಕಂಡ್ರಾ?" ಎಂದರು. ಕೇಳಿದ್ದು ಸುಮ್ಮನೆ, ಆದರೆ ಮುಖ ಮಾತ್ರ ಫೋನಿಗೆ ಅಂಟುವಷ್ಟು ಹತ್ತಿರ ಬಂದಿತ್ತು.

ನಾನು ಫೋನನ್ನು ಕುಂಡದ ಕಡೆ ತಿರುಗಿಸಿದೆ.

"ಯಾರದ್ದು ಅದು?"

ನಿಮ್ಮದೇ ಆಂಟಿ, ನಿಮ್ಮದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ನನ್ನದು," ಎಂದೆ.

"ಎಲ್ಲಿಂದ ತಂದದ್ದು?"

"ಎಲ್ಲಿಂದಲೋ ತಂದೆ. ನಿಮಗ್ಯಾಕೆ?"

ಹಿರಿಯರ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು, ಅದೇ ಕೊನೆ. ಆಂಟಿ ತಲೆಯ ಮೇಲಿನ ಶಾಲು ಜಾರುವಷ್ಟು ನಕ್ಕರು. "ಇಲ್ಲಿ ಬನ್ನಿ, ಬೇಗ ಬನ್ನಿ!" ಎಂದು ಅಂಕಲ್‌ರನ್ನು ಕರೆದರು. "ನೋಡಿ, ಕಳ್ಳಿ ನಮ್ಮತ್ರವೇ ಜೋರು ಮಾಡ್ತಾಳೆ!" ಎಂದು ಅದೇ ಶಾಲಿನಿಂದ ಕಣ್ಣು ಒರೆಸಿಕೊಂಡರು.