ಫ್ಲೆಕ್ಸ್ ದಾಟದ ಕೆಂಚಪ್ಪ

ಹೇರೋಹಳ್ಳಿಯ ಕೆಂಚಪ್ಪ ಕೆಟ್ಟ ಮನುಷ್ಯ ಅಂತ ಯಾರಾದರೂ ಅಂದರೆ ನಂಬಬೇಡಿ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಸೈಟುಗಳು ಬಾಡಿಗೆ ಮನೆಗಳಾದ ಮೇಲೂ, ಬಾಡಿಗೆಯವರಿಗೆ ಕಾಯಿಲೆ ಕಸಾಲೆ ಅಂದರೆ ತಾನೇ ಆಟೋ ಹಿಡಿದು ತರುತ್ತಿದ್ದವನು. ಅವನಿಗಿದ್ದ ಒಂದೇ ಚಟ ದೊಡ್ಡಹನುಮಯ್ಯ. ಇಬ್ಬರೂ ಒಂದೇ ಸರ್ಕಾರಿ ಶಾಲೆಯಲ್ಲಿ ಒಟ್ಟಿಗೆ ಏಟು ತಿಂದವರು. ಒಬ್ಬ ಹೊಲ ನೋಡಿಕೊಂಡ, ಇನ್ನೊಬ್ಬ ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮುಂದೆ ನಿಂತೇ ರಿಟೈರಾದ. ಸಂಜೆಯಾದರೆ ಮಾಗಡಿ ರಸ್ತೆಯ ಬೇಕರಿ ಮುಂದೆ ಬೈಟು ಟೀ, ಜೊತೆಗೆ ಜಗಳ.

ಇಬ್ಬರ ಜಾತಿ ಬೇರೆ, ವೋಟೂ ಬಹುಪಾಲು ಬೇರೆಯೇ. ಅದು ಇಬ್ಬರಿಗೂ ಗೊತ್ತು.

"ಲೋ ಹನುಮ, ಈ ಸಲ ನಿಮ್ಮೋರು ಠೇವಣಿ ಉಳಿಸ್ಕೊಳ್ಳಲಿ ನೋಡೋಣ" ಅಂತ ಕೆಂಚಪ್ಪ ಕೆಣಕಿದರೆ, "ನೀನು ಮೊದ್ಲು ಬೂತ್ ತಂಕ ನಡ್ಕೊಂಡು ಹೋಗೋ, ಆಮೇಲೆ ಮಾತಾಡು" ಅನ್ನುತ್ತಿದ್ದ ಹನುಮಯ್ಯ. ಗೆದ್ದ ಕಡೆಯವನು ಖಾರಾ ಬನ್ ಕೊಡಿಸಬೇಕು, ಅಷ್ಟೇ ಅವರ ರಾಜಕೀಯ.

ಇದನ್ನು ಕೆಡಿಸಿದ್ದು ಯಾರು ಅಂತ ಹೇಳುವುದು ಕಷ್ಟ. ಕೆಂಚಪ್ಪನ ತಮ್ಮನ ಮಗ ಯಶ್ವಂತ್ ದೊಡ್ಡಪ್ಪನನ್ನು ಜಾತಿಯವರ ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ಬೆಳಗಾದರೆ ಶುಭೋದಯ, ಮಧ್ಯಾಹ್ನಕ್ಕೆ ನಮ್ಮವರಿಗಾದ ಅನ್ಯಾಯ, ರಾತ್ರಿಗೆ ಅವರ ಕಿತಾಪತಿ. ಹಿಂದಿನ ಎಲೆಕ್ಷನ್ನಿನಲ್ಲಿ ಬೀದಿಗೊಂದು ಫ್ಲೆಕ್ಸ್ ಎದ್ದಾಗ, ಅಭ್ಯರ್ಥಿಯ ಕಾಲ ಬಳಿ ಸಾಲಾಗಿ ಕೂರಿಸಿದ ಮುಖಗಳಲ್ಲಿ ಕೆಂಚಪ್ಪನದೂ ಒಂದು. ಕೆಳಗೆ 'ಹಿರಿಯ ಮುಖಂಡರು' ಅಂತ ಬೇರೆ. ಜೀವಮಾನದಲ್ಲಿ ಯಾರೂ ಅವನನ್ನು ಮುಖಂಡ ಅಂದಿರಲಿಲ್ಲ. ಮನುಷ್ಯ ಅಟ್ಟ ಹತ್ತಿ ಕೂತ.

ಅಲ್ಲಿಂದ ಮುಂದೆ ಅವನಿಗೆ ಯಾವುದು ಬೇಕು, ಯಾವುದು ಬೇಡ ಅನ್ನುವುದು ಕೊಡುವವರು ಯಾರು ಅನ್ನುವುದರ ಮೇಲೆ ನಿಂತಿತು. ಗುಂಡಿಬಿದ್ದ ರಸ್ತೆಗೆ ಕಾಂಕ್ರೀಟ್ ಹಾಕಿಸಿ ಅಂತ ಹನುಮಯ್ಯನ ಜೊತೆ ಆಫೀಸು ಆಫೀಸು ಅಲೆದವನು ಅವನೇ. ಎಲೆಕ್ಷನ್ನಿನಲ್ಲಿ ಗೆದ್ದ ಹನುಮಯ್ಯನ ಕಡೆಯವರು ಕೊನೆಗೆ ರಸ್ತೆ ಅಗೆಸಿದಾಗ, ಕಾಂಕ್ರೀಟ್ ಹಾಕಿದರೆ ನೀರು ಇಂಗುವುದಿಲ್ಲ, ಬೇಡವೇ ಬೇಡ ಅಂತ ಜೆಸಿಬಿ ಮುಂದೆ ಕೂತವನೂ ಅವನೇ.

ಹನುಮಯ್ಯ ಹತ್ತಿರ ಬಂದ. "ಇದೇನೋ ಕೆಂಚ, ನಾವಿಬ್ರೂ ಸೇರಿ ಕೇಳಿದ್ದಲ್ವೇನೋ?"

"ನಿಮ್ಮೋರು ಕಮಿಷನ್ ಹೊಡೀಲಿ ಅಂತಲ್ಲ ಕಣೋ ನಾನು ಕೇಳಿದ್ದು."

ಈ ಸಲ ಆ ಮಾತಿನಲ್ಲಿ ನಗು ಇರಲಿಲ್ಲ. ಆ ಕಡೆಯವರ ಜೊತೆ ಓಡಾಡುತ್ತಿದ್ದ ಹನುಮಯ್ಯನ ಮಗ ಮಹದೇವ್, "ಬಾಪ್ಪ, ಅವ್ರ ಹತ್ರ ಏನ್ ಮಾತು" ಅಂತ ಅಪ್ಪನನ್ನು ಕರೆದುಕೊಂಡು ಹೋದ. ಬೇಕರಿ ಮುಂದೆ ಸೇರುವುದು ನಿಂತಿತು. ಮಾತಾಡುವುದಿದ್ದರೆ ಹನುಮಯ್ಯನೇ ಬಂದು ಮಾತಾಡಲಿ ಅಂತ ಕೆಂಚಪ್ಪ ಬಿಗುಮಾನದಲ್ಲಿ ಕಾದ.

ಬಂದದ್ದು ಸಾವಿನ ಸುದ್ದಿ. ಒಂದು ಬೆಳಗ್ಗೆ ಹೆಂಡತಿ ಬೋರಮ್ಮ, "ಹನುಮಣ್ಣ ಹೋಗ್ಬಿಟ್ರಂತೆ ಕಣ್ರೀ, ಎದೆನೋವಂತೆ" ಅಂದಾಗ ಕೆಂಚಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ದಾರಿಯಲ್ಲಿ ಸೇವಂತಿಗೆ ಹಾರ ಕೊಂಡ. ರಸ್ತೆಯೂ ನೆನಪಿರಲಿಲ್ಲ, ಜಗಳವೂ ನೆನಪಿರಲಿಲ್ಲ. ಗೆಳೆಯನ ಮುಖ ಒಂದು ಸಲ ನೋಡಬೇಕಿತ್ತು.

ತಿರುವಿನಲ್ಲಿ ಫ್ಲೆಕ್ಸ್. ಹೆಣ ತಣ್ಣಗಾಗುವ ಮುಂಚೆಯೇ ಕಟ್ಟಿದ್ದರು ಪುಣ್ಯಾತ್ಮರು. 'ಭಾವಪೂರ್ಣ ಶ್ರದ್ಧಾಂಜಲಿ', ನಡುವೆ ಹನುಮಯ್ಯ, ಸುತ್ತ ಆ ಪಕ್ಷದ ಬಣ್ಣ, ಬಾವುಟ, ಕೈಮುಗಿದ ಪುಢಾರಿಗಳು. ಕೆಳಗೆ ಪಕ್ಷದ ಶಲ್ಯ ಹೊದ್ದವರ ಗುಂಪು; ಅದರಲ್ಲೊಬ್ಬ ಬಂದವರನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಕೆಂಚಪ್ಪನ ಕಾಲು ಅಲ್ಲೇ ನಿಂತಿತು. ಫೋಟೋದಲ್ಲಿ ತಾನು ಬಿದ್ದರೆ ಮಧ್ಯಾಹ್ನದೊಳಗೆ ಗ್ರೂಪಿನಲ್ಲಿ ಹರಿದಾಡುತ್ತದೆ: ಹಿರಿಯ ಮುಖಂಡರು ಆ ಕಡೆ ಹಾರಿದರು. ಆಮೇಲೆ ಯಶ್ವಂತನಿಗೆ ಏನು ಹೇಳುವುದು? ಜನ ಕರಗಲಿ, ಆಮೇಲೆ ಬರೋಣ ಅಂದುಕೊಂಡು ಹಾರದ ಸಮೇತ ವಾಪಸ್ಸಾದ.

ಜನ ಕರಗಲಿಲ್ಲ, ಹೆಚ್ಚಾದರು. ಸಂಜೆ ತಮಟೆಯ ಸದ್ದು ಅವನ ಮನೆ ಮುಂದೆಯೇ ಹಾದು ಸ್ಮಶಾನದ ಕಡೆ ಹೋಯಿತು. ಕೆಂಚಪ್ಪ ಕಿಟಕಿ ಹಿಂದೆ ನಿಂತಿದ್ದ. ಥೂ, ಇದೂ ಒಂದು ಬಾಳಾ ಅಂತ ತನ್ನನ್ನೇ ಬೈದುಕೊಂಡ. ಆದರೂ ಬಾಗಿಲು ತೆಗೆಯಲಿಲ್ಲ.

ತಿಥಿ ಮುಗಿದ ಮೇಲೆ, ಬೋರಮ್ಮನ ಕಾಟ ತಡೆಯಲಾರದೆ ಆ ಮನೆಗೆ ಹೋದ. ಫ್ಲೆಕ್ಸ್ ಬಿಚ್ಚಿದ್ದರು. ಹನುಮಯ್ಯನ ಹೆಂಡತಿ ಪಟಾಲಮ್ಮ ಜಗುಲಿಯಲ್ಲಿದ್ದಳು. ಅಳಲಿಲ್ಲ, ಹಂಗಿಸಲೂ ಇಲ್ಲ, ಕುರ್ಚಿ ತೋರಿಸಿದಳು. ಮಹದೇವ್ ಬಾಗಿಲಿಗೆ ಬಂದು ನಿಂತ. ಕೆಂಚಪ್ಪ ಕೂತು, "ಅವತ್ತು ಮೈ ಸರಿ ಇರ್ಲಿಲ್ಲ ಕಣಮ್ಮ" ಅಂದ.

"ನಾನೂ ಅಂಗೇ ಅಂದ್ಕೊಂಡೆ ಕೆಂಚಣ್ಣ," ಅಂದಳು ಪಟಾಲಮ್ಮ. "ಎಲ್ಲಾರೂ ಬಾಯಿಗೆ ಅಕ್ಕಿ ಹಾಕಾಗಿತ್ತು. ನೀವೊಬ್ರು ಹಾಕ್ಬೇಕು ಅಂತ ನಾನು ಎತ್ತಕ್ಕೇ ಬಿಡ್ಲಿಲ್ಲ. ಹೊತ್ತು ಮುಳುಗ್ತದೆ ಅಂತ ಎಲ್ಲಾ ಬೈದ್ರು. ಇವನು, 'ಅವ್ರು ಆ ಕಡೆಯೋರಮ್ಮ, ಬರಲ್ಲ' ಅಂದ. ಬಾಯ್ಮೇಲೆ ಹೊಡೆದೆ ಇವನಿಗೆ, ಅವರಪ್ಪನ ಹೆಣದ ಮುಂದೇನೇ. ಕೆಂಚಣ್ಣ ಅಂಥೋರಲ್ಲ ಕಣೋ ಅಂತ."

ಮಗ ನಿಜ ಹೇಳಿ ಏಟು ತಿಂದ ಅಂತ ಹೇಳಬೇಕಿತ್ತು. ಕೆಂಚಪ್ಪನ ಬಾಯಿಂದ ಅದು ಹೊರಡಲಿಲ್ಲ.