ಹಾಳೆಯಮ್ಮನ ಹಿತ್ತಲಿನ ಸೀಬೆಮರ

ಊರಾಚೆ ನೀರಿನ ಟ್ಯಾಂಕಿನ ಹಿಂದಿರುವ ದೊಡ್ಡ ಮರದಲ್ಲಿ ಹಗಲೆಲ್ಲ ಸಾವಿರಾರು ಬಾವಲಿಗಳು ತಲೆಕೆಳಗಾಗಿ ನೇತಾಡುತ್ತವೆ. ಅವುಗಳ ಕೆಳಗೆ ಹನ್ನೊಂದು ವರ್ಷ ದುಡಿದವಳನ್ನು ಬೀದಿಯವರು ಹಾಳೆಯಮ್ಮ ಎಂದು ಕರೆಯುತ್ತಾರೆ. ಅವಳ ಕೆಲಸ ಕೇಳಿ ಮೂಗು ಮುರಿಯದವರಿಲ್ಲ. ನಸುಕಿನಲ್ಲಿ ಮರದಡಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹಣ್ಣು ತಿಂದು ಮರಳಿದ ಬಾವಲಿಗಳ ಉಚ್ಚೆ ಹನಿಹನಿಯಾಗಿ ಹಾಳೆಯ ಮೇಲೆ ಬಿದ್ದಾಗ ಅದನ್ನು ರೋಗದ ಪರೀಕ್ಷೆಗೆಂದು ಪುಟ್ಟ ಸೀಸೆಗಳಿಗೆ ತುಂಬಬೇಕು. ಪ್ರತಿ ಸೀಸೆಗೂ ತಾರೀಕು, ಯಾವ ಮರ ಎಂದು ಚೀಟಿ ಬರೆದು ಅಂಟಿಸಬೇಕು. ಮುಖಕ್ಕೆ ಮಾಸ್ಕು, ಕೈಗೆ ಎರಡೆರಡು ಗ್ಲೌಸು, ಕಾಲಿಗೆ ಬೂಟು. “ಮದುಮಗಳಿಗೂ ಇಷ್ಟು ಅಲಂಕಾರ ಇರಲ್ಲ ಬಿಡಿ” ಎಂದು ಅವಳೇ ನಗುತ್ತಿದ್ದಳು.

ಹನ್ನೊಂದನೆಯ ವರ್ಷ ಆ ನಗು ನಿಂತಿತು. ಹೊಳೆಯಾಚೆಯ ಕಾಡು ಅರ್ಧಕ್ಕರ್ಧ ಕಡಿದುಹೋಗಿ ಬಾವಲಿಗಳಿಗೆ ಹೂವೂ ಇಲ್ಲ, ಹಣ್ಣೂ ಇಲ್ಲ. ಸೀಸೆಗಳನ್ನು ಪರೀಕ್ಷಿಸುವ ಬಾವಲಿ ಡಾಕ್ಟರು ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದರು.

“ವೈರಸ್ ಸಿಕ್ಕಿದೆ ಕಣಮ್ಮ. ಅವುಗಳ ಮೈಯಲ್ಲಿ ಮೊದಲಿಂದಲೂ ಇರತ್ತೆ, ಅವಕ್ಕೇನೂ ಆಗಲ್ಲ, ಮನುಷ್ಯರಿಗೆ ಬಂದ್ರೆ ಜೀವಕ್ಕೇ ಅಪಾಯ. ಹೊಟ್ಟೆಗಿಲ್ಲದೆ ಸೊರಗಿದಾಗ ಉಚ್ಚೆಯಲ್ಲಿ, ಜೊಲ್ಲಲ್ಲಿ ಜಾಸ್ತಿ ಹೊರಗೆ ಬರತ್ತೆ. ಅವು ಕಚ್ಚಿದ ಹಣ್ಣು ಯಾರೂ ಮುಟ್ಟಬಾರದು.”

“ಮರಾನೇ ಕಡಿಸಿಬಿಡಿ ಅಂತಾರಲ್ಲ ಜನ?”

“ಕಡಿದರೆ ಅವು ಮನೆಮನೆ ಹಿತ್ತಲಿಗೂ ಬರ್ತವೆ.”

ಹಾಳೆಯಮ್ಮನ ಹಿತ್ತಲಿಗೆ ಆಗಲೇ ಬಂದಿದ್ದವು. ಬೆಳಗಾದರೆ ಸೀಬೆಮರದಡಿ ಅರ್ಧಂಬರ್ಧ ಕಚ್ಚಿದ ಹಣ್ಣು. ಬೀದಿಗೆಲ್ಲ ಬುದ್ಧಿ ಹೇಳಿ ಬಂದವಳು ಆರು ವರ್ಷದ ಮೊಮ್ಮಗಳಿಗೂ ಹೇಳಿದಳು: “ನೆಲಕ್ಕೆ ಬಿದ್ದ ಹಣ್ಣು ಮುಟ್ಟಿದ್ರೆ ನೋಡು, ಕೈ ಮುರೀತೀನಿ.” ಅಷ್ಟಕ್ಕೇ ಸಮಾಧಾನವಾಗದೆ, ಕೆಲಸದ ರೂಢಿಯಂತೆ ಸೀಬೆಮರದಡಿಯೂ ಹೊಸ ಹಾಳೆಯೊಂದನ್ನು ಹಾಸಿದಳು. ಮಗು ಏಳುವ ಮೊದಲು ಟ್ಯಾಂಕಿನಿಂದ ಬಂದು, ಬಿದ್ದದ್ದನ್ನೆಲ್ಲ ಒಟ್ಟಿಗೆ ಎತ್ತಿ ಗುಂಡಿಗೆ ಸುರಿದು ಮುಚ್ಚಿದರಾಯಿತು ಎಂಬುದು ಅವಳ ಲೆಕ್ಕಾಚಾರ.

ಒಂದು ಮಧ್ಯಾಹ್ನ ಮೊಮ್ಮಗಳು ಸ್ಕೂಲಿನಿಂದ ತಲೆನೋವು ಎಂದು ಮುಲುಗುತ್ತ ಬಂದಳು. ಹಣೆ ಮುಟ್ಟಿದರೆ ಕಾದ ಹೆಂಚು. ಮಗುವಿನ ಅಮ್ಮ, ಅಂದರೆ ಹಾಳೆಯಮ್ಮನ ಮಗಳು, ಇನ್ನೂ ಗಾರ್ಮೆಂಟ್ಸ್ ಕೆಲಸದಲ್ಲಿದ್ದಳು.

“ಪುಟ್ಟಿ, ನಿಜ ಹೇಳು. ಹಿತ್ತಲ ಹಣ್ಣು ತಿಂದ್ಯಾ?”

“ನೆಲದ್ದು ಮುಟ್ಟೇ ಇಲ್ಲ ಅಜ್ಜಿ.”

“ಮತ್ತೆ?”

“ಹಾಳೆ ಮೇಲಿತ್ತಲ್ಲ, ಅದನ್ನ ತಿಂದೆ. ಹೋದ ವಾರ, ನೀನು ಬರೋಕೆ ಮುಂಚೆ ಎದ್ದಿದ್ದೆ. ನಂಗೋಸ್ಕರ ಕೊಳೆ ಆಗ್ದೆ ಇರ್ಲಿ ಅಂತ ತಾನೇ ನೀನು ಹಾಸಿದ್ದು?”

ಹಾಳೆ ಹಾಸಿದ್ದು ಹಾಳೆಯಮ್ಮನೇ. ಮಗು ಅವಳ ಮಾತನ್ನು ಒಂದಿಷ್ಟೂ ಮೀರಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಊರಿನ ಪಾಲಿಗೆ ಇದು ಬರೀ ಮಕ್ಕಳ ಜ್ವರವಾಗಿ ಉಳಿಯುತ್ತದೇನೋ. ಬಾಯಿ ಬಿಟ್ಟರೆ ನಾಳೆಯೇ ಊರವರು ಕೊಡಲಿ ಹಿಡಿದು ಟ್ಯಾಂಕಿನ ಬಳಿ ಹೋಗುತ್ತಾರೆ, ಮಗುವಿನ ಜೊತೆ ಯಾರೂ ಆಡುವುದಿಲ್ಲ, ಮಗಳಂತೂ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಯೋಚಿಸಿದ್ದು ಎಷ್ಟು ಹೊತ್ತೋ, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು. ಕೊನೆಗೆ ಬಾವಲಿ ಡಾಕ್ಟರಿಗೆ ಫೋನು ಒತ್ತಿದಳು.

ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಮಗುವನ್ನು ಬೇರೆಯಾಗಿ ಮಲಗಿಸಿದರು. ಓಡೋಡಿ ಬಂದ ಮಗಳು ಬಾಗಿಲ ಗಾಜಿಗೆ ಹಣೆಯಿಟ್ಟು ನಿಂತಳು. “ನಿನ್ನ ಕೆಲಸ ಬಿಡು ಬಿಡು ಅಂತ ಬಡ್ಕೊಂಡೆನಲ್ಲಮ್ಮ” ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಹಾಳೆಯಮ್ಮನಿಗೆ ಆ ಮಾತಿಗಿಂತ ಆ ತಿರುಗಿದ ಮುಖವೇ ಹೆಚ್ಚು ಚುಚ್ಚಿತು.

ನರ್ಸು ರಕ್ತ ತೆಗೆದು ಸೀಸೆಗೆ ತುಂಬಿದಳು. ಫೋನು ಕೇಳಿ ಬಂದಿದ್ದ ಬಾವಲಿ ಡಾಕ್ಟರು ಯೋಚಿಸದೆ, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ತಮ್ಮ ಬ್ಯಾಗಿನ ಬಾವಲಿ ಚೀಟಿ ಮತ್ತು ಪೆನ್ನನ್ನು ಹಾಳೆಯಮ್ಮನ ಕಡೆ ಚಾಚಿದರು. ಚಾಚಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅವಳು ಬಿಡಲಿಲ್ಲ, ತಾನೇ ಬರೆದಳು. ತಾರೀಕು ಸರಿಯಾಗಿಯೇ ಬಂತು. ‘ಯಾವ ಮರ’ ಎಂಬ ಸಾಲಿಗೆ ಬಂದಾಗ ಕೈ ನಿಂತುಹೋಯಿತು. ‘ನಮ್ಮ ಮನೆ ಸೀಬೆ’ ಎಂದು ಬರೆದಳು. ಅಕ್ಷರ ಮಕ್ಕಳ ಕಾಪಿ ಪುಸ್ತಕದಂತೆ ಸೊಟ್ಟಪಟ್ಟ.

ಮುಂದಿನ ಎರಡು ದಿನ ಅವಳು ಉಂಡದ್ದು ನೆನಪಿಲ್ಲ. ಮಗು ಕೆಮ್ಮಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು, ಕೆಮ್ಮದೆ ಮಲಗಿದರೆ ಇನ್ನೂ ಹೆಚ್ಚು ಗಾಬರಿ. ಗಾಜಿನ ಈಚೆ ನಿಂತು ಹೊದಿಕೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಮೂರನೆಯ ದಿನ ಬಾವಲಿ ಡಾಕ್ಟರು ಮಾಸ್ಕು ಕೆಳಗೆ ಸರಿಸಿಕೊಂಡೇ ಬಂದರು.

“ಅದಲ್ಲಮ್ಮ. ಸ್ಕೂಲಲ್ಲಿ ಎಲ್ಲ ಮಕ್ಕಳಿಗೂ ಬಂದಿರೋ ಜ್ವರ, ಅಷ್ಟೇ. ಈ ಸಲ ತಪ್ಪಿತು.”

ಮಗಳು ಅಮ್ಮನ ತೋಳು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಹಾಳೆಯಮ್ಮನ ಕಿವಿಯಲ್ಲಿ ಮಾತ್ರ ‘ಈ ಸಲ’ ಎಂಬುದೇ ಉಳಿಯಿತು.

ಮನೆಗೆ ಬಂದವಳೇ ಹಿತ್ತಲ ಹಾಳೆ ತೆಗೆದಳು. ಸೀಬೆಮರಕ್ಕೆ ಡಾಕ್ಟರು ಹೇಳಿದಂಥ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಕಟ್ಟಿಸಿದಳು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಈ ಸಲ ಗದರದೆ, ಹಾಳೆ ಯಾಕೆ ಹಾಸಿದ್ದೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು.

ತಿಂಗಳ ನಂತರ ಮಗು ಎರಡೂ ಕೈಯಲ್ಲಿ ಹಣ್ಣೊಂದನ್ನು ಹಿಡಿದು ಓಡಿಬಂತು. “ನೆಲದ್ದೂ ಅಲ್ಲ, ಹಾಳೇದೂ ಅಲ್ಲ. ಬಲೆ ಒಳಗಿಂದ ಅಮ್ಮ ಕಿತ್ತುಕೊಟ್ಟಿದ್ದು. ಎಲ್ಲೂ ಕಚ್ಚಿಲ್ಲ ನೋಡಜ್ಜಿ.”

ಹಾಳೆಯಮ್ಮ ಕನ್ನಡಕ ಹಾಕಿಕೊಂಡು ಹಣ್ಣನ್ನು ತಿರುತಿರುಗಿಸಿ ನೋಡಿದಳು. ಮೂರು ಸಲ ತೊಳೆದಳು, ಸಿಪ್ಪೆ ಹೆರೆದಳು. ಮಗು ಬಾಯಿ ಕಳೆದು ಕಾಯುತ್ತಿದ್ದಂತೆ ಮೊದಲ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡಳು.

“ತಡಿ,” ಎಂದಳು. “ನಾಳೆ ನೀನು ತಿನ್ನು.”